ಮಗನ ಪಾಲಿನ ಒಣಮಾಂಸ

ಬಕ್ರೀದಿನ ದಿನ ಬಂಗುಡೆ ಮೀನಿನ ಸಾರು ಉಣ್ಣುವ ಮನೆ ಕಾಪುವಿನ ನಮ್ಮ ಓಣಿಯಲ್ಲಿ ಒಂದೇ ಇತ್ತು. ಅದು ನಮ್ಮದು. ಪಕ್ಕದ ಮನೆಯ ಹೆಂಗಸು ಪ್ರತಿ ವರ್ಷವೂ ಬೇಲಿಯ ಆಚೆಯಿಂದ ತಪ್ಪದೆ ಕೇಳುತ್ತಿದ್ದರು: “ಎಂತ, ನಿಮ್ಮಲ್ಲಿ ಈ ಸಲವೂ ಬಂಗುಡೆಯನ್ನೇ ಕುರ್ಬಾನಿ ಕೊಟ್ಟದ್ದಾ?”

“ಹೌದು ಮಾರಾಯ್ತಿ,” ಎಂದು ನನ್ನ ಅತ್ತೆ ಇಲ್ಲಿಂದಲೇ ಉತ್ತರಿಸುವರು. “ಕೊಂಬು ಸಣ್ಣದಿತ್ತು, ಕಡಿಮೆಗೆ ಸಿಕ್ಕಿತು.”

ನಮ್ಮ ಮನೆಮಾತು ಬ್ಯಾರಿ. ಅತ್ತೆಯ ಮಾತುಗಳನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ರುಚಿ ಸ್ವಲ್ಪ ಕಡಿಮೆಯಾದೀತು.

ಕುರ್ಬಾನಿ ಕೊಡುತ್ತಿದ್ದದ್ದು ಆಡನ್ನೇ. ಮಾಂಸವನ್ನು ಮೂರು ಪಾಲು ಮಾಡುವುದು ಪದ್ಧತಿ. ಒಂದು ಬಡವರಿಗೆ, ಒಂದು ನೆಂಟರಿಗೆ, ಒಂದು ಮನೆಗೆ. ಪಾಲು ಹಾಕುವ ಕೆಲಸ ನನ್ನದು. ನನ್ನ ತಂದೆ ಕಾರ್ಕಳದ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದವರು, ಒಂದು ಬಸ್ಸು ಎರಡು ನಿಮಿಷ ಹೆಚ್ಚು ನಿಂತರೂ ಸೀಟಿ ಊದುವವರು. ಮನೆಯಲ್ಲಿಯೂ ಊಟಕ್ಕೆ, ಓದಿಗೆ, ನಿದ್ದೆಗೆ ಅದೇ ಸೀಟಿಯ ಲೆಕ್ಕ. ಹಾಗೆ ಬೆಳೆದ ನನ್ನ ಕೈಯಲ್ಲಿ ಪಾಲುಗಳು ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ಆದರೆ ಮನೆಯ ಪಾಲು ಮನೆಯವರ ಬಾಯಿಗೆ ಬರುತ್ತಿರಲಿಲ್ಲ. ಅದಷ್ಟೂ ಗಲ್ಫಿನಲ್ಲಿದ್ದ ನನ್ನ ಗಂಡನಿಗೆ, ಅಂದರೆ ಅತ್ತೆಯ ಒಬ್ಬನೇ ಮಗನಿಗೆ, ಒಣಗಿಸಿ ಕಳಿಸಲು ಮೀಸಲು.

“ಅಲ್ಲಿ ಮಾಂಸ ಸಿಗುವುದಿಲ್ಲವಾ?” ಎಂದು ನನ್ನ ಮಗಳು ಒಮ್ಮೆ ತಟ್ಟೆಯಲ್ಲಿದ್ದ ಬಂಗುಡೆಯನ್ನು ನೋಡುತ್ತಾ ಕೇಳಿದ್ದಳು.

“ಸಿಗುತ್ತದೆ. ಹಬ್ಬದ ಪಾಲು ಸಿಗುತ್ತದಾ?” ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಒಣಮಾಂಸವೆಂದರೆ ಎಷ್ಟು ದುಬಾರಿ ಎಂಬುದು ಮಾಡಿದವರಿಗೇ ಗೊತ್ತು. ದೊಡ್ಡ ಪಾತ್ರೆ ತುಂಬ ಹಸಿ ಮಾಂಸವನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು, ಅರಸಿನ, ಕರಿಮೆಣಸು ಹಚ್ಚಿ, ಹಗ್ಗಕ್ಕೆ ಕಟ್ಟಿ ಒಣಗಿಸಿದರೆ ಕೊನೆಗೆ ಉಳಿಯುವುದು ಒಂದು ಹಾಲಿನ ಪುಡಿಯ ಡಬ್ಬಿಯಷ್ಟು. ಅದನ್ನು ಕುಟ್ಟಿ ತೆಂಗಿನೆಣ್ಣೆಯಲ್ಲಿ ಹುರಿದರೆ ಇನ್ನೂ ಕುಗ್ಗುತ್ತದೆ. ಗಂಜಿಗೆ ನೆಂಚಿಕೊಳ್ಳಬಹುದು, ಚಹಾದ ಜತೆ ಬಾಯಾಡಿಸಬಹುದು. ಒಂದು ಇಡೀ ಆಡಿನ ಮೂರನೆಯ ಪಾಲು ನಾಲ್ಕು ದಿನದ ಬಾಯಿಚಪಲಕ್ಕೆ! ಗಲ್ಫಿನ ಹಣ ಬರತೊಡಗಿದ ಮೇಲೆ ಕಾರ್ಕಳದ ಕಡೆಯಿಂದ ಬರುವ ಆಡುಗಳ ಬೆಲೆಯೂ ಏರಿತ್ತು. ಆಡು ತಂದ ತಿಂಗಳು ನಾನು ಎಣ್ಣೆಯಲ್ಲಿ, ಸೋಪಿನಲ್ಲಿ, ಮಕ್ಕಳ ಚಪ್ಪಲಿಯಲ್ಲಿ ಕೈ ಬಿಗಿ ಹಿಡಿಯಬೇಕಾಗುತ್ತಿತ್ತು.

ಅದಕ್ಕಿಂತ ದೊಡ್ಡ ತೊಂದರೆ ಹಬ್ಬದಿಂದಲೇ ಬಂತು. ನಮ್ಮ ಹಬ್ಬಗಳು ಚಂದ್ರನ ಲೆಕ್ಕದವು, ವರ್ಷವರ್ಷವೂ ಕೆಲವು ದಿನ ಹಿಂದಕ್ಕೆ ಸರಿಯುತ್ತವೆ. ನಾನು ಮದುವೆಯಾಗಿ ಬಂದ ಎಪ್ಪತ್ತರ ದಶಕದಲ್ಲಿ ಬಕ್ರೀದು ಮಳೆ ಮುಗಿದ ಮೇಲೆ ಬರುತ್ತಿತ್ತು. ಅಂಗಳದಲ್ಲಿ ಹಗ್ಗ ಕಟ್ಟಿ, ಕಾಗೆ ಓಡಿಸಲು ಕೋಲು ಹಿಡಿದು ಕುಳಿತರೆ ಬಿಸಿಲು ಉಳಿದ ಕೆಲಸ ಮಾಡುತ್ತಿತ್ತು. ಎಂಬತ್ತರ ದಶಕ ಬರುವಷ್ಟರಲ್ಲಿ ಹಬ್ಬ ಸರಿಯುತ್ತಾ ಸರಿಯುತ್ತಾ ಮಳೆಗಾಲದೊಳಗೆ ಬಂದು ಕುಳಿತಿತು. ಬಿಸಿಲಿಲ್ಲ. ಹಗ್ಗ ಅಂಗಳದಿಂದ ಅಡುಗೆಮನೆಯ ಒಲೆಯ ಮೇಲಕ್ಕೆ ಬಂತು. ಹಗಲಿಡೀ ತೆಂಗಿನ ಸಿಪ್ಪೆ, ಗೆರಟೆ ಹಾಕಿ ಸಣ್ಣಗೆ ಹೊಗೆ ಹಿಡಿಸಬೇಕು. ಉರಿ ಹೆಚ್ಚಾದರೆ ಮಾಂಸ ಬೇಯುತ್ತದೆ, ಕಡಿಮೆಯಾದರೆ ಕೊಳೆಯುತ್ತದೆ. ಆ ಒಲೆಯ ಮುಂದೆ ಅತ್ತೆ ಬೇರೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ.

ಹೀಗಿರುವಾಗ ಗಂಡ ಒಮ್ಮೆ ರಜೆಯಲ್ಲಿ ಬಂದವರು ತಲೆಸುತ್ತು ಎಂದು ಮಣಿಪಾಲಕ್ಕೆ ಹೋದರು. ನಾನೂ ಜತೆಗಿದ್ದೆ. ರಕ್ತದೊತ್ತಡ, ಉಪ್ಪು ಪೂರ್ತಿ ಬಿಡಬೇಕು ಎಂದರು ಡಾಕ್ಟರು. ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಬರುವಾಗ ಅವರು ನನಗೆ ಮೆಲ್ಲಗೆ ಹೇಳಿದರು: “ಉಮ್ಮನಿಗೆ ಹೇಳಬೇಡ. ಹೆದರುತ್ತಾರೆ.”

“ಒಣಮಾಂಸ?”

“ಕಳಿಸಲಿ. ಅದೊಂದೇ ಅಲ್ವಾ ಅವರಿಗೆ? ನನ್ನ ರೂಮಿನವರು ತಿನ್ನುತ್ತಾರೆ.”

ಮುಂದಿನ ಬಕ್ರೀದುಗಳಲ್ಲಿ ನಾನು ಪಾಲು ತೂಗಿದೆ, ಸೀಳಿದೆ, ಗಲ್ಫಿಗೆ ಹೋಗುವವರ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸಿದೆ. ಮಕ್ಕಳಿಗೆ ಬಂಗುಡೆ ಬಡಿಸುವಾಗ ಅವರ ಮುಖ ನೋಡುತ್ತಿರಲಿಲ್ಲ. ಯಾರೋ ಗೊತ್ತಿಲ್ಲದ ಗಂಡಸರ ಚಹಾಕ್ಕೆ ನನ್ನ ಮಕ್ಕಳ ಹಬ್ಬ ಹೋಗುತ್ತಿದೆ ಎಂದು ಸಿಟ್ಟು ಬರುತ್ತಿತ್ತು. ಮುದುಕಿಯ ಒಂದು ಸಂತೋಷವನ್ನು ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ಮರುಕ್ಷಣವೇ ನಾಚಿಕೆಯೂ ಆಗುತ್ತಿತ್ತು.

ನಡುವೆ ಅತ್ತೆಯ ಕಣ್ಣು ಮಂಜಾಯಿತು. ಈ ಸಲ ನಾನು ಅವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಪೊರೆ ಬಲಿತಿದೆ, ಆಪರೇಷನ್ ಮಾಡಿ ಕನ್ನಡಕ ಕೊಡಬೇಕು ಎಂದು ಡಾಕ್ಟರು ದಿನ ಗೊತ್ತುಮಾಡಿದರು. “ಆಮೇಲೆ ಕೆಲವು ವಾರ ಒಲೆಯ ಹತ್ತಿರ ಹೋಗಬಾರದು ಅಮ್ಮ. ಹೊಗೆ ಆಗುವುದೇ ಇಲ್ಲ.”

ಅತ್ತೆ ಬೆರಳು ಮಡಚಿ ದಿನ ಎಣಿಸಿದರು. ಬಕ್ರೀದು ಆ ವಾರಗಳ ಮಧ್ಯೆಯೇ ಬೀಳುತ್ತಿತ್ತು. “ಹಾಗಾದರೆ ಹಬ್ಬ ಕಳೆದ ಮೇಲೆ ನೋಡುವ,” ಎಂದರು.

“ಇನ್ನು ತಡಮಾಡಿದರೆ ಕಷ್ಟ ಉಂಟು,” ಎಂದರು ಡಾಕ್ಟರು.

“ನನ್ನ ಕಣ್ಣು ಎಲ್ಲಿಗೂ ಓಡಿಹೋಗುವುದಿಲ್ಲ ಡಾಕ್ಟರೇ. ಮಾಂಸ ಕೊಳೆತುಹೋಗುತ್ತದೆ.”

ಮನೆಗೆ ಬಂದ ಮರುದಿನ ಬೆಳಿಗ್ಗೆ ಅವರು ಹಿತ್ತಲಲ್ಲಿ ಕುಳಿತು ಹಬ್ಬಕ್ಕೆಂದು ಗೆರಟೆಗಳನ್ನು ತಡವಿ ತಡವಿ ಒಣಗಿದ್ದು ಬೇರೆ, ಹಸಿಯದು ಬೇರೆ ಮಾಡುತ್ತಿದ್ದರು. ನಾನು ಎದುರಿಗೆ ಕುಳಿತೆ.

“ಮಾಮಿ, ಈ ಸಲ ಒಣಗಿಸುವುದು ಬೇಡ. ಅವರು ತಿನ್ನುವುದಿಲ್ಲ.”

“ಯಾರು?”

“ನಿಮ್ಮ ಮಗ. ಬಿ.ಪಿ. ಉಂಟು. ಡಾಕ್ಟರು ಉಪ್ಪು ಬಿಡಿಸಿದ್ದಾರೆ.”

“ಯಾವಾಗಿನಿಂದ?”

“ಕಳೆದ ಸಲ ಬಂದಾಗಿನಿಂದ.”

“ಮತ್ತೆ ನಾನು ಕಳಿಸಿದ್ದು?”

“ರೂಮಿನವರು ತಿಂದರಂತೆ.”

ಅವರು ಒಂದು ಗೆರಟೆಯನ್ನು ಎತ್ತಿ, ತಟ್ಟಿ ನೋಡಿ, ಒಣಗಿದವುಗಳ ರಾಶಿಗೆ ಹಾಕಿದರು. “ಚೆನ್ನಾಗಿತ್ತಂತಾ?”

“ಚೆನ್ನಾಗಿತ್ತಂತೆ.”

“ನೀನು ಎಲ್ಲ ಗೊತ್ತಿದ್ದೂ ನನಗೆ ಮಾಂಸ ಸೀಳಿ ಕೊಟ್ಟೆ,” ಎಂದರು. ಬೈದದ್ದಲ್ಲ, ಕಂಡದ್ದನ್ನು ಹೇಳಿದ ಹಾಗೆ ಹೇಳಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಗೊತ್ತುಮಾಡಿದ ದಿನವೇ ಆಪರೇಷನ್ ಆಯಿತು. ಆ ಬಕ್ರೀದಿಗೆ ಮನೆಯ ಪಾಲು ಮನೆಯಲ್ಲೇ ಬೆಂದಿತು. ಮಕ್ಕಳು ಬೆರಳು ಚೀಪಿ ಉಂಡರು. ಅತ್ತೆ ಕಣ್ಣಿಗೆ ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು ನಡುಮನೆಯಲ್ಲಿ ಕುಳಿತಿದ್ದರು. ನಾನು ಬಡಿಸಿದ್ದರಲ್ಲಿ ಅನ್ನ ಮಾತ್ರ ತಿಂದರು. ಮೀನಿನ, ಕರಿಮೆಣಸಿನ, ಹುರಿಯುವ ಎಣ್ಣೆಯ ಹಣ ಉಳಿದು ಆ ತಿಂಗಳ ಖರ್ಚು ಹಗುರಾಯಿತು. ಹಗುರಾದದ್ದಕ್ಕೆ ನನ್ನ ಮನಸ್ಸು ಹಿಗ್ಗಿದ್ದು ಗೊತ್ತಾದಾಗ ಅಂದಿನ ಊಟ ನನಗೂ ಸೇರಲಿಲ್ಲ.

ಗಂಡನಿಗೆ ಆಪರೇಷನ್ನಿನ ಬಗ್ಗೆ ವಿವರವಾಗಿ ಬರೆದೆ. ಹೇಳಬೇಡವೆಂದದ್ದನ್ನು ಹೇಳಿಬಿಟ್ಟೆ ಎಂದು ಮಾತ್ರ ಬರೆಯಲಿಲ್ಲ. ಬಂದಾಗ ಎದುರಿಗೇ ಹೇಳುವ ಎಂದುಕೊಂಡೆ. ಚಳಿಗಾಲದಲ್ಲಿ ಅವರಿಗೆ ರಜೆ ಸಿಕ್ಕಿತು. ಬಂದ ದಿನವೇ, ನಾನು ಬಾಯಿ ತೆರೆಯುವ ಮೊದಲೇ, ಅವರು ತಾಯಿಯ ಪಕ್ಕ ಕುಳಿತು, ಅವರ ದಪ್ಪ ಕನ್ನಡಕವನ್ನು ತಮಾಷೆ ಮಾಡಿ, ಕೈ ಹಿಡಿದುಕೊಂಡು ಹೇಳಿದರು:

“ಉಮ್ಮಾ, ಈ ವರ್ಷ ನಿಮ್ಮ ಒಣಮಾಂಸ ಬರಲೇ ಇಲ್ಲ. ಗಂಜಿಯೇ ಇಳಿಯಲಿಲ್ಲ ನನಗೆ.”

ನಾನು ಉಪ್ಪಿಲ್ಲದ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಮೊದಲು ನನ್ನ ಕಡೆ ತಿರುಗಿದರು. ನಾನು ಗಂಡನಿಗೆ ತಿಳಿಸಿಲ್ಲವೆಂಬುದು ಅವರಿಗೆ ಆಗಲೇ ಗೊತ್ತಾಯಿತು. ಮತ್ತೆ ಮಗನ ಕಡೆ ತಿರುಗಿ ಹೇಳಿದರು:

“ಕಣ್ಣಿನ ಗಲಾಟೆಯಲ್ಲಿ ಆಗಲಿಲ್ಲ ಮಗನೇ. ಬರುವ ವರ್ಷ ಕಳಿಸುವ.”

“ಸ್ವಲ್ಪ ಜಾಸ್ತಿಯೇ ಕಳಿಸಿ,” ಎಂದರು ಅವರು, ತಾಯಿಗೆ ಇನ್ನಷ್ಟು ಸಂತೋಷವಾಗಲಿ ಎಂದು.

ಗಂಡ ಮಸೀದಿಗೆ ಹೋದ ಮೇಲೆ, ಅವರು ಬಂದ ಕೂಡಲೇ ಎಲ್ಲ ಹೇಳಿಬಿಡುತ್ತೇನೆ ಎಂದೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು. “ಬೇಡ ಮಗಳೇ. ನನ್ನನ್ನು ಖುಷಿ ಮಾಡಲಿಕ್ಕೆ ಹೇಳಿದ್ದು, ಪಾಪ. ನನಗೆ ಗೊತ್ತುಂಟು ಎಂದು ತಿಳಿದರೆ ಅವನು ಮುಖ ಎಲ್ಲಿ ಇಡುತ್ತಾನೆ?”

“ಆದರೆ ಹೊಗೆ…”

“ಮಗ ಬಾಯಿಬಿಟ್ಟು ಕೇಳಿದ್ದಾನೆ. ಇಲ್ಲ ಅನ್ನಲಿಕ್ಕೆ ಆಗುತ್ತದಾ?”

ಮೊದಲು ಒಬ್ಬರು ಹೇಳಬೇಡ ಎಂದಿದ್ದರು, ಈಗ ಇಬ್ಬರು. ರಜೆ ಮುಗಿಸಿ ಗಂಡ ಹೊರಟರು. ನಾನು ಹೇಳಲಿಲ್ಲ.

ಮುಂದಿನ ಬಕ್ರೀದು ಜಡಿಮಳೆಯಲ್ಲೇ ಬಂತು, ಆಡಿನ ಬೆಲೆ ಇನ್ನೂ ಏರಿತ್ತು. ಅತ್ತೆ ಒಲೆಯ ಮುಂದೆ ಕುಳಿತರು. ಮಾಂಸ ಸೀಳುವುದನ್ನು ಮಾತ್ರ ಎಂದಿನಂತೆ ನನಗೆ ಬಿಟ್ಟರು. ಘಳಿಗೆಗೊಮ್ಮೆ ಕನ್ನಡಕ ತೆಗೆದು, ನೀರು ಸುರಿಯುವ ಕಣ್ಣನ್ನು ತಲೆಯ ಬಟ್ಟೆಯ ಅಂಚಿನಿಂದ ಒತ್ತಿಕೊಳ್ಳುತ್ತಿದ್ದರು. ಹೊಗೆಯಾದರೂ ತಗ್ಗಲಿ ಎಂದು ನಾನು ಬಗ್ಗಿ ಎರಡು ಸಿಪ್ಪೆ ಹೊರಗೆಳೆದೆ.

“ಎಳೆಯಬೇಡ,” ಎಂದು ಅವರು ಅದನ್ನು ಮತ್ತೆ ಒಳಗೆ ತಳ್ಳಿದರು. “ಸರಿಯಾಗಿ ಒಣಗದಿದ್ದರೆ ಅವನ ರೂಮಿನವರು ಎಂತ ಹೇಳಿಯಾರು?”