ಸೂರ್‌ನಲ್ಲಿ ಸಿಕ್ಕ ಅಯೋವಾದ ಹಕೀಮಾ

ಶನಿವಾರ ಬೆಳಿಗ್ಗೆ ಆರೂವರೆಗೆ ಮಸ್ಕತ್‌ನ ದಾರ್ಸೈಟ್‌ನಲ್ಲಿರುವ ನಮ್ಮ ಫ್ಲ್ಯಾಟಿನಿಂದ ಮೂವರು ಹೊರಟೆವು. ನಾನು, ಎಂಟನೆಯ ತರಗತಿ ಓದುವ ನನ್ನ ಮಗಳು ಮೇಘನಾ, ಮತ್ತು ಮೂರು ದಿನದ ಹಿಂದಷ್ಟೇ ಅಮೆರಿಕದ ಅಯೋವಾ ರಾಜ್ಯದಿಂದ ಬಂದಿಳಿದಿದ್ದ ಜೋನ್. ಫೆಬ್ರವರಿ ತಿಂಗಳು. ಕಾರಿನ ಎಸಿ ಹಾಕುವ ಅಗತ್ಯವಿರಲಿಲ್ಲ. ಡ್ಯೂಟಿಗೆ ಹೊರಡಲು ತಯಾರಾಗಿದ್ದ ನಮ್ಮ ಮನೆಯವರು ಬಾಲ್ಕನಿಯಿಂದಲೇ ಕೂಗಿದರು: "ಗುಡ್ಡದ ಇಳಿಜಾರಿನ್ಯಾಗ ಸಾವಕಾಶ ಹೊಡಿ. ಕ್ಯಾಮೆರಾ ಭಾಳ ಅದಾವ."

ನಾನು ಮುಧೋಳದ ಕಡೆಯವಳು. ಇಲ್ಲೇ ರುಸೈಲ್‌ನ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಯೋವಾಕ್ಕೂ ನನಗೂ ಏನು ಸಂಬಂಧ ಎಂದು ಕೇಳಿದರೆ, ಅದು ಮೇಘನಾಳ ಶಾಲೆಯ ಪ್ರಾಜೆಕ್ಟಿನಿಂದ ಶುರುವಾದದ್ದು. ಯಾವುದಾದರೂ ದೇಶದ ಒಂದು ರಾಜ್ಯವನ್ನು ಆರಿಸಿಕೊಂಡು ಅಲ್ಲಿ ಹುಟ್ಟಿದ ಹೆಸರಾಂತ ವ್ಯಕ್ತಿಗಳ ಬಗ್ಗೆ ಬರೆಯಬೇಕಿತ್ತು. ನಕ್ಷೆಯ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟ ಇವಳಿಗೆ ಅಯೋವಾ ಸಿಕ್ಕಿತು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು ಸಾಲದೆಂದು ಅಲ್ಲಿಯ ಒಂದು ಸಣ್ಣ ಊರಿನ ಗ್ರಂಥಾಲಯಕ್ಕೆ ಇಮೇಲ್ ಬರೆದಳು. ಉತ್ತರ ಬರೆದವರು ಜೋನ್. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ, ವಾರಕ್ಕೆರಡು ದಿನ ಆ ಗ್ರಂಥಾಲಯದಲ್ಲಿ ಕೂರುವವರು. ಉದ್ದನೆಯ ಪಟ್ಟಿ ಕಳಿಸಿ, ಕೊನೆಗೆ ಹೀಗೊಂದು ಮಾತು ಸೇರಿಸಿದ್ದರು: "ನೀನು ಓಮಾನಿನಲ್ಲಿದ್ದೀಯಾ? ನನ್ನ ಚಿಕ್ಕಮ್ಮ ಅಲ್ಲಿ ನರ್ಸ್ ಆಗಿದ್ದಳು. ಈ ಪಟ್ಟಿಯಲ್ಲಿ ಅವಳ ಹೆಸರಿಲ್ಲ."

ಆ ಚಿಕ್ಕಮ್ಮನ ಹೆಸರು ರೂತ್. ಐವತ್ತು ವರ್ಷಕ್ಕೂ ಹಿಂದೆ, ಓಮಾನಿನಲ್ಲಿ ಡಾಂಬರು ರಸ್ತೆಯೇ ಅಪರೂಪವಾಗಿದ್ದ ಕಾಲದಲ್ಲಿ ಇಲ್ಲಿಗೆ ಬಂದಿದ್ದರಂತೆ. ಕಾಯಿಲೆ ಬಿದ್ದು ಊರಿಗೆ ಮರಳಿ, ಹೆಚ್ಚು ಮಾತಾಡದೆ ತೀರಿಕೊಂಡರಂತೆ. ಮರಳುಗಾಡಿಗೆ ಹೋಗಿ ಬದುಕು ಹಾಳುಮಾಡಿಕೊಂಡವಳು ಎಂದೇ ಮನೆಯವರ ಲೆಕ್ಕ. ಜೋನ್‌ರ ಊರಿನ ಗ್ರಂಥಾಲಯದಲ್ಲಿ ಒಂದು ಗೋಡೆಯಿದೆ. ಅಯೋವಾದ ಹೆಸರು ಬೆಳಗಿಸಿದವರ ಚಿತ್ರಗಳನ್ನು ಅಲ್ಲಿ ಹಾಕುತ್ತಾರೆ. ರೂತ್‌ರ ಚಿತ್ರವನ್ನೂ ಹಾಕಿ ಎಂದು ಜೋನ್ ಕೇಳಿದಾಗ ಸಮಿತಿಯವರು, "ದೂರದೇಶದಲ್ಲಿ ಏನು ಮಾಡಿದಳೋ ನಮಗೇನು ಗೊತ್ತು? ನೋಡಿದವರು ಯಾರಾದರೂ ಹೇಳಲಿ" ಎಂದಿದ್ದರು. ಜೋನ್ ಬಳಿ ಇದ್ದದ್ದು ಒಂದು ಫೋಟೋ, ಮೂರು ಕಾಗದ. ಕಾಗದಗಳ ಮೇಲೆ ಸೂರ್ ಎಂಬ ಊರಿನ ಹೆಸರಿತ್ತು. ಮೊದಲೆರಡು ದಿನ ಹಳೆಯ ದಾಖಲೆ ಸಿಕ್ಕೀತೆಂದು ಮಸ್ಕತ್‌ನ ಆಸ್ಪತ್ರೆಗಳಲ್ಲಿ ವಿಚಾರಿಸಿದ್ದೆವು, ಏನೂ ಸಿಕ್ಕಿರಲಿಲ್ಲ. ಭಾನುವಾರ ಬೆಳಗಿನ ವಿಮಾನಕ್ಕೆ ಅವರ ಟಿಕೆಟ್ ಆಗಿತ್ತು. ಉಳಿದದ್ದು ಈ ಒಂದು ದಿನ.

ಸೂರ್ ನಮ್ಮಲ್ಲಿಂದ ಸುಮಾರು ಇನ್ನೂರು ಕಿಲೋಮೀಟರು. ಬೋಳು ಗುಡ್ಡಗಳ ನಡುವೆ ರಸ್ತೆ ಏರಿ ಇಳಿದು ಕುರಿಯಾತ್ ತಲುಪುತ್ತದೆ. ಅಲ್ಲಿ ಏಳು ರಿಯಾಲ್ ಪೆಟ್ರೋಲ್ ಹಾಕಿಸಿ, ಕೇರಳದವರ ಅಂಗಡಿಯಲ್ಲಿ ಮೂರು ಕರಕ್ ಚಹಾ ಕುಡಿದೆವು. ಆಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟ. ಫಿನ್ಸ್ ಎಂಬಲ್ಲಿ ಬಿಳಿ ಮರಳಿನ ದಂಡೆಗಿಳಿದು ನಾನು ಕಟ್ಟಿ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಜೋನ್ ಒಣ ರೊಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿ, ಇದು ಯಾವ ಧಾನ್ಯ ಎಂದು ಕೇಳಿದರು. ಜೋಳ ಎಂದೆ. ಅವರ ರಾಜ್ಯದ ತುಂಬ ಬೆಳೆಯುವ ಮೆಕ್ಕೆಜೋಳವನ್ನು ನಾವು ಗೋವಿನಜೋಳ ಅನ್ನುತ್ತೇವೆ, ಇದು ಅದರ ನೆಂಟನಿದ್ದಂತೆ ಎಂದು ವಿವರಿಸಿದೆ. "ಹಾಗಾದರೆ ನಾವೂ ನೆಂಟರೇ" ಎಂದು ಅವರು ಇನ್ನೊಂದು ರೊಟ್ಟಿ ತೆಗೆದುಕೊಂಡರು.

ಕಾರಿನಲ್ಲಿ ಮೇಘನಾ ಪಟ್ಟಿ ಒಪ್ಪಿಸತೊಡಗಿದಳು. ಅಯೋವಾದಲ್ಲಿ ಹುಟ್ಟಿ ಅಧ್ಯಕ್ಷನಾದವನು, ಕುದುರೆ ಏರಿ ಬರುವ ಸಿನಿಮಾಗಳ ನಾಯಕ, ನೂರಾರು ದಿನ ಬಾಹ್ಯಾಕಾಶದಲ್ಲಿದ್ದು ಬಂದ ರೈತನ ಮಗಳು. ಒಂದೊಂದು ಹೆಸರಿಗೂ ಜೋನ್ ಒಂದೊಂದು ಕತೆ ಸೇರಿಸುತ್ತಿದ್ದರು. ಗೋಧಿಯ ತಳಿ ಬದಲಿಸಿದ ವಿಜ್ಞಾನಿಯ ಮಾತು ಬಂದಾಗ ಪಕ್ಕದ ಸೀಟಿನಿಂದ ನನ್ನ ಕಡೆ ತಿರುಗಿ, "ನಿಮ್ಮ ಮನೆಯ ಚಪಾತಿಯ ಹಿಂದೆಯೂ ನಮ್ಮವನೊಬ್ಬನಿದ್ದಾನೆ" ಎಂದರು. ಊರಿನ ಪೈಲ್ವಾನರ ಹೆಸರು ಹೇಳುವಾಗ ನಮ್ಮಪ್ಪನ ಎದೆಯೂ ಹೀಗೇ ಉಬ್ಬುತ್ತಿತ್ತು. ಆದರೆ ಪಟ್ಟಿ ಮುಗಿದ ಮೇಲೆ ಜೋನ್ ಕೈಚೀಲದ ಮೇಲೆ ಕೈಯಿಟ್ಟುಕೊಂಡು ಸಮುದ್ರ ನೋಡುತ್ತ ಕುಳಿತರು.

ತೀವಿ ದಾಟಿ, ಕಲ್ಹಾತ್‌ನ ಗ್ಯಾಸ್ ಸ್ಥಾವರದ ಉರಿಯುವ ಚಿಮಣಿ ಕಂಡ ಮೇಲೆ ಸೂರ್ ಬಂತು. ಗಂಟೆ ಹತ್ತು. ಮೊದಲು ಮೀನು ಮಾರುಕಟ್ಟೆಗೆ ಹೋದೆವು. ವಯಸ್ಸಾದವರನ್ನು ಕಂಡಲ್ಲೆಲ್ಲ ಫೋಟೋ ತೋರಿಸಿದೆವು. ಬಿಳಿ ಟೊಪ್ಪಿಗೆಯ ತೆಳ್ಳನೆಯ ಹೆಂಗಸು, ಮೂಗಿನ ಮೇಲೆ ದಪ್ಪ ಕನ್ನಡಕ. ಎಲ್ಲರೂ ಮರ್ಯಾದೆಯಿಂದ ನೋಡಿದರು, ಮರ್ಯಾದೆಯಿಂದಲೇ ತಲೆಯಾಡಿಸಿದರು. ಸೂಕ್ ಎನ್ನುವ ಹಳೆಯ ಪೇಟೆಯಲ್ಲೂ ಅದೇ ಆಯಿತು. ಒಂದು ಗಂಟೆಗೆ ಊಟಕ್ಕೆ ಕೂತಾಗ ಹುರಿದ ಮೀನಿನ ತಟ್ಟೆಯನ್ನು ಜೋನ್ ಮುಟ್ಟಲೇ ಇಲ್ಲ.

"ನನ್ನಮ್ಮ ಹೇಳಿದ್ದೇ ನಿಜವಿರಬೇಕು" ಎಂದರು. "ಬಂದಳು, ಕಾಯಿಲೆ ಬಿದ್ದಳು, ಹೋದಳು. ಅಷ್ಟೇ ಇರಬಹುದು."

ಮೇಘನಾ ನನ್ನ ಕಿವಿಯಲ್ಲಿ, "ಅಮ್ಮಾ, ಪ್ಲೀಸ್, ಡು ಸಮ್‌ಥಿಂಗ್" ಎಂದಳು.

"ಏನ್ ಮಾಡ್ಲಿ ಹೇಳವಾ? ಇನ್ನೂ ಸಂಜಿ ಆಗಿಲ್ಲಲ್ಲ, ಕೇಳೂಣು" ಎಂದೆ. ನನಗೂ ಧೈರ್ಯವಿರಲಿಲ್ಲ.

ಮೂರು ಗಂಟೆಗೆ ಹಡಗು ಕಟ್ಟುವ ಅಂಗಳಕ್ಕೆ ಹೋದೆವು. ಅರ್ಧ ಕಟ್ಟಿದ ಒಂದು ದೋಣಿ ಪಕ್ಕೆಲುಬುಗಳನ್ನು ತೋರಿಸುತ್ತ ನಿಂತಿತ್ತು. ಸಾಗುವಾನಿಯ ಹೊಟ್ಟಿನ ವಾಸನೆ. ನೆರಳಿನಲ್ಲಿ ಬೆತ್ತ ಹಿಡಿದು ಕುಳಿತಿದ್ದ ಒಬ್ಬ ಮುದುಕರು ನನ್ನ ಸೀರೆ ನೋಡಿ ಹಿಂದಿಯಲ್ಲಿ ಮಾತಿಗಿಳಿದರು. ಯಾವ ಊರು ಎಂದು ಕೇಳಿದರು. ಕರ್ನಾಟಕ ಎಂದರೆ ತಿಳಿಯಲಿಲ್ಲ. ಮಂಗಳೂರು ಇರುವ ರಾಜ್ಯ ಎಂದೆ.

"ಮಂಗ್ಲೂರ್!" ಮುದುಕರ ಮುಖ ಅರಳಿತು. "ಹಮ್ ಜಾತಾ ಥಾ, ಲಕ್ಡೀ ಲಾತಾ ಥಾ!" ಹಾಯಿ ಕಟ್ಟಿಕೊಂಡು ಹೋಗಿ ಮರ, ಹೆಂಚು ತುಂಬಿಕೊಂಡು ಬರುತ್ತಿದ್ದ ದಿನಗಳನ್ನು ಹೇಳಿದರು. ನಾನು ಹುಟ್ಟಿದ ಊರಿಗೂ ಮಂಗಳೂರಿಗೂ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಆದರೂ ಅವತ್ತು ಹೆಮ್ಮೆಯಿಂದ ಮಂಗಳೂರಿನವಳಾಗಿಯೇ ನಿಂತೆ. ಮಾತು ಒಂದು ಹದಕ್ಕೆ ಬಂದಮೇಲೆ ಫೋಟೋ ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು.

"ಅರೇ, ಯೇ ತೋ ಹಕೀಮಾ ಹೈ!"

ಹಕೀಮಾ ಎಂದರೆ ವೈದ್ಯೆ. ಅವರ ತಮ್ಮ ಈ ಹಕೀಮಾಳ ಕೈಯಲ್ಲೇ ಹುಟ್ಟಿದ್ದನಂತೆ. "ನಾನೇನು ಹೇಳಲಿ, ಝುವೈನಾಳನ್ನು ಕೇಳಿ. ಅವಳಿಗೆ ಎಲ್ಲ ಗೊತ್ತು" ಎಂದು ಬೆತ್ತವೆತ್ತಿ, ಸಮುದ್ರ ಊರೊಳಕ್ಕೆ ಚಾಚಿದ್ದ ಖಾರಿಯ ಆಚೆ ದಡ ತೋರಿಸಿದರು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಮೊದಲೇ ಜೋನ್‌ಗೆ ಅರ್ಥವಾಗಿತ್ತು. ಅವರು ಅರ್ಧ ಕಟ್ಟಿದ ದೋಣಿಗೆ ಆನಿಕೊಂಡು ನಿಂತುಬಿಟ್ಟರು.

ಆಚೆ ದಡ ಎಂದರೆ ಅಯ್ಜಾ. ತೂಗುಸೇತುವೆ ದಾಟಿದರೆ ಬಿಳಿ ಮನೆಗಳ ಗುಂಪು, ತುದಿಯಲ್ಲಿ ಹಳೆಯ ದೀಪಸ್ತಂಭ. ಕೇಳುತ್ತ ಹೋಗಿ, ಕೆತ್ತನೆಯ ಬಾಗಿಲಿನ ಒಂದು ಮನೆ ತಟ್ಟಿದೆವು. ಬಾಗಿಲು ತೆರೆದವಳು ಶೈಖಾ, ಝುವೈನಾರ ಮೊಮ್ಮಗಳು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಒಳಗೆ ಗೋಡೆಗೆ ದಿಂಬು ಕೊಟ್ಟುಕೊಂಡು ಅಜ್ಜಿ ಕುಳಿತಿದ್ದರು. ಮುಖ ಸುಕ್ಕುಗಟ್ಟಿತ್ತು, ದನಿ ಮಾತ್ರ ಗಟ್ಟಿ. ಫೋಟೋ ನೋಡಿದರು. ಅಂಗೈಯನ್ನು ಅದರ ಮೇಲಿಟ್ಟರು. ಆಮೇಲೆ ಜೋನ್‌ರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಖರ್ಜೂರ, ಅರಬ್ಬಿ ಕಾಫಿ ಕಹ್ವಾ ಬಂತು. ಮೂರು ಬಟ್ಟಲು ಕುಡಿಯುವವರೆಗೆ ಯಾರೂ ವಿಷಯ ಎತ್ತಲಿಲ್ಲ.

ಆಮೇಲೆ ಅಜ್ಜಿ ಹೇಳುತ್ತ ಹೋದರು, ಶೈಖಾ ಇಂಗ್ಲಿಷಿಗೆ ತಿರುಗಿಸುತ್ತ ಹೋದಳು. ಆಗ ರಸ್ತೆಯಿರಲಿಲ್ಲ. ರೂತ್ ಮಸ್ಕತ್ ಪಕ್ಕದ ಮತ್ರಾ ಬಂದರಿನಿಂದ ದೋಣಿಯಲ್ಲಿ ಬಂದರು, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ಇಳಿಯುವಾಗ ಅವರನ್ನೇ ರೋಗಿ ಎಂದು ಊರವರು ತಿಳಿದರಂತೆ. ಖರ್ಜೂರದ ಗರಿ ಹೊದಿಸಿದ ಒಂದು ಕೋಣೆ ಹಿಡಿದರು. ಝುವೈನಾಗೆ ಹದಿನಾರು ವರ್ಷ, ಚೊಚ್ಚಲ ಬಸಿರು, ಎರಡು ದಿನದಿಂದ ನೋವು. ಊರವರು ಆಸೆ ಬಿಟ್ಟಿದ್ದರು. ರೂತ್ ಬಂದು ತಾಯಿಯನ್ನೂ ಮಗುವನ್ನೂ ಉಳಿಸಿದರು.

"ನಲವತ್ತು ದಿನ ಕಳೆದ ಮೇಲೆ ನಾನೇ ಅವಳ ಬಾಗಿಲಿಗೆ ಹೋದೆ. ನನಗೂ ಕಲಿಸು ಎಂದೆ. ನನಗೆ ಓದು ಬರೆಹ ಬರುತ್ತಿರಲಿಲ್ಲ. ಅವಳಿಗೆ ನಮ್ಮ ಮಾತು ಬರುತ್ತಿರಲಿಲ್ಲ. ಕೈ ಹಿಡಿದು ಕಲಿಸಿದಳು" ಎಂದರು ಅಜ್ಜಿ. ದಾರ, ಕತ್ತರಿ ಕುದಿಸುವುದು, ಮೊಣಕೈವರೆಗೆ ಕೈ ತೊಳೆಯುವುದು, ಅಡ್ಡ ನಿಂತ ಮಗುವನ್ನು ಹೊಟ್ಟೆಯ ಮೇಲಿನಿಂದಲೇ ತಿರುಗಿಸುವುದು. "ಬೈಯುತ್ತಿದ್ದಳು. ತುಂಬ ಬೈಯುತ್ತಿದ್ದಳು! ಉಗುರಿನಲ್ಲಿ ಕೊಳೆ ಕಂಡರೆ ಸಾಕು." ರೂತ್ ಹೋದ ಮೇಲೆ ಝುವೈನಾ ಆ ಕೆಲಸ ಬಿಡಲಿಲ್ಲ. ಆಸ್ಪತ್ರೆ ಬರುವವರೆಗೂ ಅಯ್ಜಾದ ಹೆರಿಗೆಗಳೆಲ್ಲ ಅವರ ಕೈಯಲ್ಲೇ ಆದವು. ಎಷ್ಟು ಎಂದು ಮೇಘನಾ ಕೇಳಿದಳು. ಮಕ್ಕಳನ್ನು ಎಣಿಸಬಾರದು ಎಂದು ಅಜ್ಜಿ ಗದರಿದರು.

ಆಮೇಲೆ ಅವರ ದನಿ ತಗ್ಗಿತು. ಒಂದು ಮಗು ಉಳಿಯಲಿಲ್ಲ. ರೂತ್ ತಡವಾಗಿ ತಲುಪಿದ್ದರು. ಇಡೀ ದಿನ ದಂಡೆಯ ಮೇಲೆ ಕುಳಿತು ಅತ್ತರು, ನೀರೂ ಮುಟ್ಟಲಿಲ್ಲ. ಸಂಜೆಗೆ ಮಗು ಕಳೆದುಕೊಂಡ ತಾಯಿಯ ತಾಯಿಯೇ ಅನ್ನ, ಮೀನು ತಂದು, ಕಲಸಿ, ತನ್ನ ಕೈಯಿಂದ ಅವರಿಗೆ ತಿನ್ನಿಸಿದಳು.

ಜೋನ್ ಕೈಚೀಲದಿಂದ ಒಂದು ಕಾಗದ ತೆಗೆದರು. ಮಡಿಕೆ ಬಿಡಿಸಿದರು. "ನನ್ನಮ್ಮನಿಗೆ ಬರೆದದ್ದು" ಎಂದು ಓದಿದರು: "ಇವತ್ತು ನನಗೆ ಉಣ್ಣಿಸಬೇಕಾದ ಯಾವ ಕಾರಣವೂ ಇಲ್ಲದ ಕೈಯಿಂದ ಉಂಡೆ. ಇನ್ನು ನಾನು ಈ ಊರು ಬಿಟ್ಟು ಎಲ್ಲಿಗೆ ಹೋಗಲಿ?"

ಮನೆಯವರಿಗೆ ಆ ಮಾತು ಅರ್ಥವಾಗಿರಲಿಲ್ಲ. ತಂಗಿ ಯಾರೋ ಅಪರಿಚಿತರ ಮನೆಯಲ್ಲಿ ತಿರಿದು ಉಣ್ಣುವ ಸ್ಥಿತಿಗೆ ಬಂದಳೆಂದು ಜೋನ್‌ರ ಅಮ್ಮ ಸಿಟ್ಟಾಗಿ, ಉತ್ತರ ಬರೆಯುವುದನ್ನೇ ನಿಲ್ಲಿಸಿದ್ದರಂತೆ. ಶೈಖಾ ಆ ಸಾಲುಗಳನ್ನು ಅರಬ್ಬಿಯಲ್ಲಿ ಹೇಳಿದಾಗ ಅಜ್ಜಿ ಜೋನ್‌ರ ತಲೆಯನ್ನು ಎದೆಗೆ ಒತ್ತಿಕೊಂಡರು. ಎಪ್ಪತ್ತು ದಾಟಿದ ಆ ಹೆಂಗಸು ಚಿಕ್ಕ ಹುಡುಗಿಯಂತೆ ಅತ್ತರು. ನಾನೂ ಮೇಘನಾಳೂ ಅಳದೆ ಉಳಿಯಲಿಲ್ಲ.

ಕಣ್ಣೊರೆಸಿಕೊಂಡ ಮೇಲೆ ಜೋನ್ ಬೇರೆಯೇ ವ್ಯಕ್ತಿಯಾದರು. ಗಡಿಯಾರ ನೋಡಿದರು. ನಮಗೆ ನಾಲ್ಕೂವರೆ, ಅಯೋವಾದಲ್ಲಿ ಬೆಳಿಗ್ಗೆ ಆರೂವರೆ. ಸಮಿತಿಯ ಅಧ್ಯಕ್ಷ ಹಸು ಸಾಕುವವನು, ಎದ್ದಿರುತ್ತಾನೆ ಎಂದು ವೀಡಿಯೋ ಕರೆ ಮಾಡಿಯೇಬಿಟ್ಟರು. ಕೊಟ್ಟಿಗೆಯ ದೀಪದಡಿ ಟೊಪ್ಪಿಗೆ ಹಾಕಿದ ಒಬ್ಬ ದಪ್ಪ ಮನುಷ್ಯ ಕಾಣಿಸಿಕೊಂಡ.

"ನೋಡಿದವರು ಬೇಕು ಅಂದಿದ್ದೆಯಲ್ಲ. ಇಲ್ಲಿದ್ದಾರೆ, ಮಾತಾಡು" ಎಂದು ಜೋನ್ ಫೋನನ್ನು ಅಜ್ಜಿಯ ಕೈಗೆ ಕೊಟ್ಟರು.

ಅಜ್ಜಿ ಅದನ್ನು ಮುಖದ ತೀರ ಹತ್ತಿರ ಹಿಡಿದು, ಅರಬ್ಬಿಯಲ್ಲಿ, ಖಾರಿಯ ಆಚೆಗೂ ಕೇಳಿಸುವಷ್ಟು ಜೋರಾಗಿ ಶುರುಮಾಡಿದರು. ಶೈಖಾ ಅನುವಾದಿಸಲು ಬಾಯಿ ತೆರೆದರೆ ಕೈಯೆತ್ತಿ ತಡೆದರು. ನಡುವೆ ಎರಡೂ ತೋಳು ಚಾಚಿ ಮೊಣಕೈವರೆಗೆ ಕೈ ತೊಳೆಯುವುದನ್ನು ಮಾಡಿ ತೋರಿಸಿದರು. ಐದು ನಿಮಿಷವಾದ ಮೇಲೆ "ಖಲಾಸ್" ಎಂದು ಫೋನ್ ವಾಪಸ್ ಕೊಟ್ಟರು. ಆ ಮನುಷ್ಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ.

"ಒಂದು ಮಾತೂ ತಿಳಿಯಲಿಲ್ಲ, ಜೋನ್" ಎಂದ. "ಆದರೆ ನನಗಿನ್ನು ಯಾವ ಸಾಕ್ಷಿಯೂ ಬೇಡ. ಚಿತ್ರದ ಕೆಳಗೆ ಏನು ಬರೆಸಲಿ, ಹೇಳು."

ಶೈಖಾ ಅದನ್ನು ಅಜ್ಜಿಗೆ ಹೇಳಿದಳು. ಅಜ್ಜಿ ಯೋಚಿಸಲೇ ಇಲ್ಲ. "ಅಯೋವಾದವಳು ಅಂತ ಬರೆದುಕೊಳ್ಳಲಿ, ಅಲ್ಲಿ ಹುಟ್ಟಿದ್ದಾಳೆ, ಇರಲಿ. ಅದರ ಪಕ್ಕದಲ್ಲಿ ಸೂರ್ ಅಂತಲೂ ಬರೆಯಬೇಕು" ಎಂದರು.

ಹಾಗೆಯೇ ಬರೆಸಿದ್ದಾರೆ. ಎರಡು ತಿಂಗಳಾದ ಮೇಲೆ ಜೋನ್ ಗೋಡೆಯ ಫೋಟೋ ಕಳಿಸಿದರು. ಗೋಧಿಯ ವಿಜ್ಞಾನಿಗೂ ಬಾಹ್ಯಾಕಾಶದ ಹೆಣ್ಣುಮಗಳಿಗೂ ನಡುವೆ ರೂತ್ ಇದ್ದಾರೆ. ಮೇಘನಾ ಪ್ರಾಜೆಕ್ಟ್ ಒಪ್ಪಿಸಿ ವರ್ಷವೇ ಆಗಿತ್ತು. ಆದರೂ ಟೀಚರಿಗೆ ಆ ಫೋಟೋ ತೋರಿಸಿ ಇಡೀ ಕತೆ ಹೇಳಿ ಬಂದಳು.

ಅವತ್ತು ಹೊರಡುವಾಗ ಐದೂವರೆ ಆಗಿತ್ತು. ಅಜ್ಜಿ ಡಬ್ಬಿಯ ತುಂಬ ಹಲ್ವಾ ಕೊಟ್ಟು, ಮೊಮ್ಮಗಳ ಭುಜ ಹಿಡಿದು ಬೀದಿಯವರೆಗೆ ಬಂದರು. ಅಷ್ಟರಲ್ಲಿ ಸುದ್ದಿ ಹಬ್ಬಿ ಅಕ್ಕಪಕ್ಕದ ಮನೆಗಳ ಬಾಗಿಲಲ್ಲಿ ಹೆಂಗಸರು, ಗಂಡಸರು ನಿಂತಿದ್ದರು. ಅಜ್ಜಿ ಒಬ್ಬೊಬ್ಬರ ಕಡೆಗೂ ಬೆರಳು ತೋರಿಸಿ ಜೋನ್‌ಗೆ ಏನೋ ಹೇಳುತ್ತಿದ್ದರು.

"ಏನಂತಾರೆ?" ಎಂದು ಶೈಖಾಳನ್ನು ಕೇಳಿದೆ.

"ಇವನು ನನ್ನ ಕೈಯಲ್ಲಿ ಹುಟ್ಟಿದವನು, ಅವಳೂ ನನ್ನ ಕೈಯಲ್ಲಿ, ಆ ಮೀಸೆಯವನೂ ನನ್ನ ಕೈಯಲ್ಲಿ ಅಂತ" ಎಂದು ಶೈಖಾ ನಕ್ಕಳು.

ಕಾರು ಸೇತುವೆ ಏರಿತು. ಜೋನ್ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕುಳಿತಿದ್ದರು. ನಾನೂ ಕನ್ನಡಿಯಲ್ಲಿ ನೋಡಿದೆ. ಸಂಜೆಯ ಬೆಳಕಿನಲ್ಲಿ ಬಿಳಿ ಮನೆಗಳ ಮುಂದೆ ಜನ ಇನ್ನೂ ನಿಂತಿದ್ದರು, ಮುದುಕರು, ನಡುವಯಸ್ಸಿನವರು, ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡವರು. ಎಲ್ಲರೂ ಕೈ ಬೀಸುತ್ತಿದ್ದರು.