ವರ್ಲಾ ಅಜ್ಜಿಯ ಒಣಕಡ್ಡಿಗಳು

ಅಯೋವಾದ ನಮ್ಮೂರಲ್ಲಿ ಹಿಮ ಬೀಳುವ ಮೊದಲೇ ಎಲ್ಲರೂ ಒಣಗಿದ ಹೂಗಿಡ ಕತ್ತರಿಸಿ ಅಂಗಳ ಚೊಕ್ಕಟ ಮಾಡಿದರೆ, ವರ್ಲಾ ಅಜ್ಜಿ ಮಾತ್ರ ದುಂಬಿಗಳಿಗೆ ಇಷ್ಟವಾದ ತನ್ನ ಬೀ ಬಾಮ್ ಹೂಗಿಡದ ಒಂದು ಕಡ್ಡಿಯನ್ನೂ ಮುಟ್ಟಗೊಡುವುದಿಲ್ಲ. “ಏನಜ್ಜೀ, ಅಂಗಳದಲ್ಲಿ ಸ್ಮಶಾನ ಸಾಕಿದೀಯಾ?” ಎಂದು ಪಕ್ಕದ ಮನೆಯ ಆರ್ವಿಲ್ ಕೆಣಕಿದರೆ, “ಮೆಲ್ಲಗೆ ಮಾತಾಡೋ, ಕಡ್ಡಿಯೊಳಗೆ ದುಂಬಿ ಮರಿಗಳು ಮಲಗಿದಾವೆ. ನಿನ್ನ ಗಂಟಲು ಕೇಳಿದ್ರೆ ವಸಂತ ಬಂದ್ರೂ ಏಳಲ್ಲ” ಎನ್ನುತ್ತಾಳೆ. ತನ್ನ ಊರುಗೋಲನ್ನೇ ವಾಲಿದ ಕಡ್ಡಿಗೆ ಕಟ್ಟಿ, ತಾನು ಗೋಡೆ ಹಿಡಿದು ನಡೆಯುತ್ತಾಳೆ. ಬೇಸಿಗೆಯಿಡೀ ಮೆಟ್ಟಿಲ ಮೇಲೆ ಕೂತು ಕಾದ ಅವಳಿಗೆ ಈ ವರ್ಷ ಕಂಡದ್ದು ಒಂದೇ ದುಂಬಿ. ಗಿಡದ ಹತ್ತಿರ ಹೋಗುವ ಮೊದಲು ಮೂರು ಸಲ ಸೋಪು ಹಾಕಿ ಕೈ ತೊಳೆಯುತ್ತಾಳೆ. ಮೆಕ್ಕೆಜೋಳದ ಹೊಲಗಳಿಗೆ ಹುಳ ಸಾಯಿಸುವ ವಿಷ ಹೊಡೆದು ಹೊಡೆದು ಕೊನೆಗೆ ಉಸಿರು ಸಿಗದೆ ಸತ್ತ ಗಂಡನ ಅಂಗಿಗಳನ್ನು ಮೂವತ್ತು ವರ್ಷ ಒಗೆದ ಕೈ ಅದು. ತೊಳೆದ ಮೇಲೂ ಮೂಸಿ ನೋಡುತ್ತಾಳೆ. ಆಮೇಲೆ ಮೊಣಕೈಯಿಂದಲೇ ಗಿಡವನ್ನು ನೇವರಿಸುತ್ತಾಳೆ.