ಹಬ್ಬ ಇಲ್ಲದ ಸಿಸ್ಟರ್

ಸಮತಾ ತಡಸದ ಹುಡುಗಿ. ಅಕ್ಕಿಆಲೂರಿನ ಒಂದು ಖಾಸಗಿ ದವಾಖಾನೆಯಲ್ಲಿ ಐದಾರು ವರ್ಷದಿಂದ ನರ್ಸು. ಸೇರಿದ ದಿನ ಹಿರಿಯ ಸಿಸ್ಟರ್ ನೀಲಾಂಬಿಕಾ, 'ಯಾವ್ಯಾವ ಹಬ್ಬಕ್ಕ ರಜಾ ಬೇಕವ್ವ ನಿನಗ?' ಅಂತ ಕೇಳಿದ್ದರು.

'ನಾವು ಬೌದ್ಧರ್ರಿ, ಈ ಹಬ್ಬ ಯಾವೂ ಮಾಡೂದಿಲ್ಲ' ಅಂದಳು ಸಮತಾ, ಎದೆ ಸೆಟೆಸಿ.

ನಾವು ಬೌದ್ಧ ಸಂಘಟನೆಯವರು ಓಣಿ ಓಣಿ ತಿರುಗಿ ಕಲಿಸಿದ ಮಾತದು. ಹೇಳಬೇಕಾದ್ದೇ. ಆದರೆ ಹೇಳಿದ ಜಾಗ ತಪ್ಪಿತು.

ಅಂದಿನಿಂದ ಯುಗಾದಿ, ನಾಗರ ಪಂಚಮಿ, ದೀಪಾವಳಿ ಎಲ್ಲ ಪಾಳಿಯೂ ಆಕೆಯ ತಲೆಗೇ. ರಂಜಾನಿಗೆ ರೆಹಾನ ಸಿಸ್ಟರ್ ಸವಣೂರಿಗೆ ಹೋದರೆ ಅದೂ ಸಮತಾಳಿಗೇ. ಉಳಿದವರು ಹಬ್ಬ ಮುಗಿಸಿ ಡಬ್ಬಿಯಲ್ಲಿ ಹೋಳಿಗೆ ತಂದು ಕೊಡುವರು. ಈಕೆ ತಿಂದು, ಡಬ್ಬಿ ತೊಳೆದು ಕೊಟ್ಟರೆ ನ್ಯಾಯ ಮುಗೀತು.

ಈ ಸಲ ಪಂಚಮಿ ಹೊತ್ತಿಗೆ ವಾರ್ಡಿನ ತುಂಬ ಡೆಂಗ್ಯೂ ಜ್ವರದವರು. ಸಮತಾಳ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ.

'ಪಂಚಮಿಗೆ ನಾ ಬರೂದಿಲ್ರಿ ಅಕ್ಕಾರ.'

'ಯಾಕ, ನಾಗಪ್ಪಗ ಹಾಲೆರಿಯಾಕ ಕಲ್ತೀಯೇನ?'

'ಇಲ್ರಿ. ಮಕ್ಕೊಳ್ಳಾಕ.'

ನೀಲಾಂಬಿಕಾ ನಕ್ಕರು. ಕೆಟ್ಟ ಹೆಂಗಸಲ್ಲ. 'ಮಕ್ಕೊಳ್ಳಾಕ ರಜಾ ಕೊಟ್ರ ಡಾಕ್ಟರು ನನ್ನ ಮಕಾಡೆ ಮಲಗಸ್ತಾರ. ಯಾವದರ ದೇವರ ಹೆಸರು ಹೇಳು, ಕೊಡ್ತೇನಿ.'

ರೆಹಾನ ಆಕೆಯನ್ನು ಬದಿಗೆ ಎಳೆದಳು. 'ಪಂಚಮಿ ಐತಿ ಅಂದಬಿಡ. ನಿನ್ನ ಪಾಳಿ ನಾ ಮಾಡ್ತೇನಿ. ನಾಗಪ್ಪೇನ ಬಂದು ಕೇಳ್ತಾನ?'

'ನನಗ ನಾ ಏನ್ ಹೇಳ್ಲಿ?'

'ಎದ್ದಮ್ಯಾಲ ಹೇಳೀಯಂತ. ಮೊದಲ ಮಕ್ಕೊ.'

ಸಮತಾ ತನ್ನ ಬಾತ ಕಾಲು ನೋಡಿಕೊಂಡಳು. ಆಮೇಲೆ ನೀಲಾಂಬಿಕಾ ಹತ್ತಿರ ಹೋಗಿ, 'ಹೂಂರಿ, ನಮ್ಮ ಮನ್ಯಾಗೂ ಪಂಚಮಿ ಮಾಡ್ತೇವ್ರಿ' ಅಂದಳು. ಕೇಳಿದ ಕೂಡಲೇ ರಜೆ ಸಿಕ್ಕಿತು.

ಆ ದಿನ ಆಕೆ ಊರಿಗೆ ಹೋಗಲಿಲ್ಲ. ಬಾಡಿಗೆ ಕೋಣೆಯ ಬಾಗಿಲು ಹಾಕಿ ಮಲಗಿದಳು. ಹೊರಗೆ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತ ಚೀರುತ್ತಿದ್ದರು. ಈಕೆಗೆ ಕೇಳಿಸಲಿಲ್ಲ. ಇದು ಗೊತ್ತಾಗಿ ನಮ್ಮ ಸಂಘಟನೆಯ ಕೆಲವರು ಮುಖ ಸಿಂಡರಿಸಿದರು. ಸಿಂಡರಿಸಲಿ. ಅವರಲ್ಲಿ ಯಾರೂ ಇಪ್ಪತ್ತು ಮಂಚಕ್ಕೆ ಒಬ್ಬರೇ ಓಡಾಡಿದವರಲ್ಲ.

ಮರುದಿನ ನೀಲಾಂಬಿಕಾ, 'ಏನ್ ಉಂಡಿ ಕಟ್ಟಿದ್ರೆವ್ವ?' ಅಂದರು.

'ಶೇಂಗಾದ ಉಂಡಿರಿ.'

'ನಮಗೊಂದು ತರಲಿಲ್ಲ ನೋಡು. ಇನ್ನ ಗಣಪತಿ ಹಬ್ಬಕ್ಕೂ ರಜಾ ಬೇಡ್ತೀಯೇನ ಮತ್ತ?'

'ಬೇಡ್ತೇನ್ರಿ. ದಸರಾಕ್ಕೂ' ಅಂದು ಸಮತಾ ಜ್ವರ ನೋಡಲು ವಾರ್ಡಿನ ಕಡೆ ನಡೆದಳು.